ಕುಂಡದ ಗಿಡಕ್ಕೂ ಕಾವಲು, ನೀರು ಹಾಕುವವರಿಗೂ ಕಾವಲು

*ಮನೆ ಆರೋಗ್ಯ ಮಾಲೆ: ಗುಜರಾತಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗಾಗಿ*



ನವರಂಗಪುರದ ಯಾವುದೋ ಸೊಸೈಟಿಯ ಬಾಲ್ಕನಿಯಲ್ಲಿ ಕರಿಬೇವು, ದೊಡ್ಡಪತ್ರೆ, ಬಸಳೆ ಮೂರೂ ಒಟ್ಟಿಗೆ ಕಂಡರೆ, ಒಳಗೆ ನಮ್ಮವರೇ ಇರಬಹುದು ಎಂದು ಊಹಿಸಬಹುದು. ಊರು ಬಿಟ್ಟು ಬಂದರೂ ನಾಲಿಗೆ ಊರನ್ನು ಬಿಡುವುದಿಲ್ಲ. ತಂಬುಳಿಗೆ ದೊಡ್ಡಪತ್ರೆ ಬೇಕು, ಒಗ್ಗರಣೆಗೆ ಕರಿಬೇವು ಬೇಕು, ರೊಟ್ಟಿಯ ಜೊತೆಗೆ ಸೊಪ್ಪಿನ ಪಲ್ಯ ಬೇಕು. ಅದರ ಮೇಲೆ ಊರಿನಿಂದ ಬಂದ ಅಪ್ಪ ಅಮ್ಮನಿಗೆ, ಅತ್ತೆ ಮಾವನಿಗೆ ಈ ಕುಂಡಗಳೇ ದಿನದ ಕೆಲಸ, ದಿನದ ಗೆಳೆಯರು. ಭಾಷೆ ಬರದ ಊರಿನಲ್ಲಿ ಗಿಡದ ಹತ್ತಿರ ಭಾಷೆ ಬೇಕಾಗುವುದಿಲ್ಲ.

ಇದೆಲ್ಲ ಒಳ್ಳೆಯದೇ. ಆದರೆ ಒಂದು ವಿಷಯವನ್ನು ನಾವು ಗಮನಿಸುವುದು ಕಡಿಮೆ. ಗಿಡವನ್ನು ಬಾಡಿಸುವ ಬಿಸಿಲೇ ಅದಕ್ಕೆ ನೀರು ಹಾಕುವವರನ್ನೂ ಕೆಡವುತ್ತದೆ. ಬೇರು ಕೊಳೆಯುವ ನೀರಿನಲ್ಲೇ ಡೆಂಗ್ಯೂ ಸೊಳ್ಳೆ ಹುಟ್ಟುತ್ತದೆ. ಗಿಡ ಹಾಳುಮಾಡುವ ಕೋತಿ, ಪಾರಿವಾಳ, ಇಲಿಗಳಿಂದ ಮನೆಯವರಿಗೂ ಅಪಾಯವಿದೆ. ಆದ್ದರಿಂದ ಗಿಡಕ್ಕೆ ಹಾಕುವ ಕಾವಲು ಮನೆಯವರಿಗೂ ಕಾವಲಾಗಬೇಕು. ಇವತ್ತಿನ ಪಾಠ ಇಷ್ಟೇ. ಒಂದೊಂದಾಗಿ ನೋಡೋಣ.

*1. ಇಲ್ಲಿ ಏನು ಬೆಳೆಯುತ್ತದೆ, ಏನೆಂದು ಕೇಳಬೇಕು?*

ನರ್ಸರಿಗೆ ಹೋದಾಗ ಹೆಸರು ಗೊತ್ತಿಲ್ಲದೆ ಬರಿಗೈಯಲ್ಲಿ ಬರುವವರು ಬಹಳ. ಈ ಹೆಸರುಗಳನ್ನು ಬರೆದಿಟ್ಟುಕೊಳ್ಳಿ:

• ಕರಿಬೇವು – ಮೀಠೋ ಲೀಮ್ಡೋ (ಸಿಹಿ ಬೇವು ಎಂದರ್ಥ. ಬರೀ ಲೀಮ್ಡೋ ಎಂದರೆ ಕಹಿಬೇವಿನ ಸಸಿ ಕೊಟ್ಟಾರು!)
• ದೊಡ್ಡಪತ್ರೆ – ಅಜ್ಮಾನಾ ಪಾನ್
• ಬಸಳೆ – ಪೋಈ
• ದಂಟು, ಹರಿವೆ ಸೊಪ್ಪು – ತಾಂದಳ್‌ಜೋ
• ಸಬ್ಬಸಿಗೆ – ಸುವಾ
• ಕೊತ್ತಂಬರಿ – ಕೋಥ್ಮೀರ್
• ಮೆಂತ್ಯ – ಮೇಥಿ
• ಸಸಿ – ರೋಪೋ, ಗೊಬ್ಬರ – ಖಾತರ್, ಮಣ್ಣು – ಮಾಟಿ, ಕುಂಡ – ಕೂಂಡು

ನಮ್ಮ ಅವರೆಕಾಯಿಯೂ ಇಲ್ಲಿ ಪರಕೀಯವಲ್ಲ. ಉಂಧಿಯುಗೆ ಹಾಕುವ ಸುರ್ತಿ ಪಾಪ್ಡಿ ಅವರೆಯ ಜಾತಿಯದೇ ಬಳ್ಳಿ. ದೊಡ್ಡ ಕುಂಡದಲ್ಲಿ ನೆಟ್ಟು ಗ್ರಿಲ್ಲಿಗೆ ಹಬ್ಬಿಸಿದರೆ ಚಳಿಗಾಲದಲ್ಲಿ ಕಾಯಿ ಸಿಗುತ್ತದೆ.

ಕಾಲಕ್ಕೆ ತಕ್ಕ ಗಿಡ ಹಾಕಿದರೆ ಅರ್ಧ ಕಾವಲು ಅಲ್ಲೇ ಆಯಿತು. ಬಸಳೆ, ದಂಟು, ಬೆಂಡೆ ಬಿಸಿಲು ತಡೆಯುತ್ತವೆ. ಫೆಬ್ರವರಿ ಕೊನೆಯಿಂದ ಇವನ್ನು ಹಾಕಿ. ಮೆಂತ್ಯ, ಪಾಲಕ್, ಕೊತ್ತಂಬರಿ, ಸಬ್ಬಸಿಗೆ, ಮೂಲಂಗಿ, ಟೊಮೆಟೊ ಇವಕ್ಕೆ ತಂಪು ಬೇಕು. ನವರಾತ್ರಿ ಮುಗಿದ ಮೇಲೆ ಶುರುಮಾಡಿ. ಏಪ್ರಿಲ್‌ನಲ್ಲಿ ಕೊತ್ತಂಬರಿ ಬಿತ್ತಿ ಬರಲಿಲ್ಲವೆಂದು ಕೊರಗಬೇಡಿ. ತಪ್ಪು ನಿಮ್ಮ ಕೈಯದಲ್ಲ, ತಿಂಗಳದ್ದು.

*2. ಕುಂಡ, ಮಣ್ಣು, ನೀರು*

ಸೊಪ್ಪಿಗೆ 6ರಿಂದ 8 ಅಂಗುಲ ಆಳದ ಅಗಲವಾದ ಕುಂಡ ಅಥವಾ ಟ್ರೇ ಸಾಕು. ಟೊಮೆಟೊ, ಬದನೆ, ಅವರೆಗೆ 12 ಅಂಗುಲ ಬೇಕು. ಕರಿಬೇವಿಗೆ 14ರಿಂದ 16 ಅಂಗುಲದ್ದಿರಲಿ. ಯಾವ ಕುಂಡವಾದರೂ ತಳದಲ್ಲಿ ತೂತು ಇರಲೇಬೇಕು.

ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ ಅಥವಾ ಎರೆಗೊಬ್ಬರ, ಕೋಕೋಪೀಟ್ – ಈ ಮೂರನ್ನೂ ಸಮಪಾಲು ಬೆರೆಸಿ. ಸೂರತ್ ಕಡೆಯ ಎರೆಮಣ್ಣನ್ನು ಹಾಗೆಯೇ ತುಂಬಬೇಡಿ. ಅದು ಮಳೆಯಲ್ಲಿ ಕೆಸರು, ಬಿಸಿಲಲ್ಲಿ ಕಲ್ಲು. ಹಸಿ ಸಗಣಿಯನ್ನು ಸೊಪ್ಪಿನ ಕುಂಡಕ್ಕೆ ಹಾಕಬೇಡಿ. ಅದರಲ್ಲಿರುವ ರೋಗಾಣುಗಳು ಎಲೆಗೆ ಅಂಟಿ ಹೊಟ್ಟೆಗೆ ಬರುತ್ತವೆ.

ಆರ್‌ಒ ಯಂತ್ರದಿಂದ ಹೊರಹೋಗುವ ನೀರನ್ನು ಅನೇಕರು ಗಿಡಕ್ಕೆ ಹಾಕುತ್ತಾರೆ. ನೀರು ಉಳಿಸುವ ಉದ್ದೇಶ ಒಳ್ಳೆಯದು. ಆದರೆ ಆ ನೀರಿನಲ್ಲಿ ಉಪ್ಪಿನಂಶ ಹೆಚ್ಚು. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇನ್ನೂ ಹೆಚ್ಚು. ಮಣ್ಣಿನ ಮೇಲೆ ಬಿಳಿ ಪದರ ಕಂಡರೆ, ಎಲೆಯ ಅಂಚು ಸುಟ್ಟಂತಾದರೆ ಅದೇ ಕಾರಣವಿರಬಹುದು. ಆ ನೀರನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಗಿಡಕ್ಕೆ ನಲ್ಲಿ ನೀರು, ಅಕ್ಕಿ ಬೇಳೆ ತೊಳೆದ ನೀರು ಹಾಕಿ.

ತೂಕವನ್ನೂ ಮರೆಯಬೇಡಿ. ನೀರು ಕುಡಿದ 12 ಅಂಗುಲದ ಒಂದು ಕುಂಡ ಸುಮಾರು 20 ಕೆಜಿ ಭಾರವಿರುತ್ತದೆ. ವಯಸ್ಸಾದವರು ಅದನ್ನು ಬಗ್ಗಿ ಎತ್ತಿದರೆ ಸೊಂಟಕ್ಕೆ ಪೆಟ್ಟು. ದೊಡ್ಡ ಕುಂಡಕ್ಕೆ ಚಕ್ರದ ಸ್ಟ್ಯಾಂಡ್ ಹಾಕಿಸಿ, ಸೊಪ್ಪಿನ ಟ್ರೇಗಳನ್ನು ಸೊಂಟದ ಎತ್ತರಕ್ಕೆ ಮೇಜಿನ ಮೇಲಿಡಿ. ತಾರಸಿ ಎಲ್ಲರದ್ದಾದರೆ ಸೊಸೈಟಿಯವರನ್ನು ಕೇಳಿಯೇ ಇಡಿ.

*3. ಬೇಸಿಗೆ: ಮೊದಲು ಮನುಷ್ಯ, ಆಮೇಲೆ ಗಿಡ*

2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣತೆ 46.8 ಡಿಗ್ರಿ ಮುಟ್ಟಿತು. ಆ ಒಂದೇ ತಿಂಗಳಲ್ಲಿ ನಗರದಲ್ಲಿ ವಾಡಿಕೆಗಿಂತ 1,344 ಸಾವು ಹೆಚ್ಚಾಗಿದ್ದವು ಎಂದು ಆಮೇಲೆ ನಡೆದ ಅಧ್ಯಯನ ತೋರಿಸಿತು. ಅದರ ನಂತರವೇ 2013ರಲ್ಲಿ ಇಲ್ಲಿನ ಮಹಾನಗರಪಾಲಿಕೆ ಹೀಟ್ ಆ್ಯಕ್ಷನ್ ಪ್ಲಾನ್ ಜಾರಿಗೆ ತಂದಿತು. 2016ರ ಮೇ 20ರಂದು 48 ಡಿಗ್ರಿ ದಾಖಲಾಯಿತು. ಇದು ಮಲೆನಾಡಿನ ಬೇಸಿಗೆಯಲ್ಲ, ಬೆಂಗಳೂರಿನದಂತೂ ಅಲ್ಲವೇ ಅಲ್ಲ. ಊರಿನಿಂದ ಏಪ್ರಿಲ್‌ನಲ್ಲಿ ಬಂದಿಳಿದ ಹಿರಿಯರಿಗೆ ಈ ಬಿಸಿಲಿನ ಅಂದಾಜು ಇರುವುದಿಲ್ಲ. "ಗಿಡ ಬಾಡಿದೆ, ಒಂದು ಚೊಂಬು ನೀರು ಹಾಕಿ ಬರ್ತೀನಿ" ಎಂದು ಮಧ್ಯಾಹ್ನ ತಾರಸಿ ಹತ್ತುತ್ತಾರೆ. ಅಪಾಯ ಇರುವುದು ಅಲ್ಲಿ.

ಮನೆಯವರಿಗೆ ನಿಯಮ:
• ಗಿಡದ ಕೆಲಸ ಬೆಳಿಗ್ಗೆ 8ರ ಒಳಗೆ, ಇಲ್ಲವೇ ಸಂಜೆ 6ರ ಮೇಲೆ. ನಡುವೆ ತಾರಸಿಯ ಬಾಗಿಲು ಮುಚ್ಚಿರಲಿ.
• ಮಧ್ಯಾಹ್ನ ಎಲೆ ಜೋತುಬಿದ್ದರೆ ಗಾಬರಿ ಬೇಡ. ಸಂಜೆ ತಾನಾಗಿ ಎದ್ದರೆ ಗಿಡಕ್ಕೆ ಏನೂ ಆಗಿಲ್ಲ. ಬೆಳಿಗ್ಗೆಯೂ ಜೋತಿದ್ದರೆ ಆಗ ನೀರು ಸಾಲುತ್ತಿಲ್ಲ ಎಂದರ್ಥ.
• ಬಿಪಿ, ಹೃದಯದ ತೊಂದರೆಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಸಿಲಿನಲ್ಲಿ ಅಪಾಯ ಹೆಚ್ಚು. ಮಾತ್ರೆ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.
• ತಲೆಸುತ್ತು, ವಾಂತಿ, ತೊದಲು ಮಾತು, ಗೊಂದಲ, ಮೈ ಕಾದ ಹೆಂಚಿನಂತಾಗುವುದು – ಇವು ಬಿಸಿಲಾಘಾತದ ಲಕ್ಷಣ. ಕೂಡಲೇ 108ಕ್ಕೆ ಕರೆ ಮಾಡಿ. ಅಂಬುಲೆನ್ಸ್ ಬರುವವರೆಗೆ ನೆರಳಿಗೆ ತಂದು, ಮೈಗೆ ನೀರು ಹಾಕಿ, ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಗಿಡಕ್ಕೆ ನಿಯಮ:
• ಪಡುವಣ ದಿಕ್ಕಿಗೆ 50 ಪರ್ಸೆಂಟಿನ ಹಸಿರು ಶೇಡ್ ನೆಟ್ ಕಟ್ಟಿ. ನೆಟ್ ಗಿಡಕ್ಕೆ ತಾಗದೆ ಎರಡು ಅಡಿ ಮೇಲಿರಲಿ. ಈ ನೆರಳು ನಿಮಗೂ ನೆರಳು.
• ಕುಂಡವನ್ನು ಕಾದ ಸಿಮೆಂಟಿನ ಮೇಲೆ ಇಡಬೇಡಿ. ಕೆಳಗೆ ಇಟ್ಟಿಗೆ ಅಥವಾ ಹಲಗೆ ಇರಲಿ.
• ಕಪ್ಪು ಪ್ಲಾಸ್ಟಿಕ್ ಕುಂಡ ಬಿಸಿಯನ್ನು ಹೀರಿ ಬೇರನ್ನು ಬೇಯಿಸುತ್ತದೆ. ಹೊರಗೆ ಸುಣ್ಣ ಬಳಿಯಿರಿ, ಇಲ್ಲವೇ ಗೋಣಿಚೀಲ ಸುತ್ತಿ.
• ಮಣ್ಣಿನ ಮೇಲೆ ಒಣಗಿದ ಎಲೆ, ತೆಂಗಿನ ನಾರು ಹರಡಿ ಮುಚ್ಚಿ. ನೀರು ಬೇಗ ಆರುವುದಿಲ್ಲ.
• ಕುಂಡಗಳನ್ನು ಒತ್ತೊತ್ತಾಗಿ ಗುಂಪು ಮಾಡಿ. ದೊಡ್ಡದು ಹೊರಗೆ, ಚಿಕ್ಕದು ಒಳಗೆ. ಒಂದಕ್ಕೊಂದು ನೆರಳಾಗುತ್ತದೆ.
• ಸಂಜೆ ಪೈಪಿನಲ್ಲಿ ಮೊದಲು ಬರುವ ನೀರು ಬಿಸಿಯಾಗಿರುತ್ತದೆ. ಅದನ್ನು ಬಕೆಟ್ಟಿಗೆ ಹಿಡಿದು ಆರಿದ ಮೇಲೆ ಹಾಕಿ.

ಬೇಸಿಗೆ ರಜೆಗೆ ಊರಿಗೆ ಹೋಗುವವರು: ಕುಂಡಗಳನ್ನು ಬಾಲ್ಕನಿಯ ಒಳಮೂಲೆಗೆ ತನ್ನಿ. ಪಕ್ಕದಲ್ಲಿ ನೀರಿನ ಬಕೆಟ್ ಎತ್ತರದಲ್ಲಿಟ್ಟು ಹತ್ತಿಯ ಬತ್ತಿಯನ್ನು ಅದರಿಂದ ಮಣ್ಣಿಗೆ ಇಳಿಬಿಡಿ. ನಾಲ್ಕೈದು ದಿನ ಒದ್ದೆ ಉಳಿಯುತ್ತದೆ. ಬಕೆಟ್ಟಿನ ಬಾಯಿಗೆ ಬಟ್ಟೆ ಕಟ್ಟುವುದನ್ನು ಮರೆಯಬೇಡಿ. ಹೆಚ್ಚು ದಿನವಾದರೆ ಪಕ್ಕದ ಮನೆಯ ಬೆಹೆನ್‌ಗೆ ಹೇಳಿ ಹೋಗುವುದೇ ಸರಿ. ಬಂದ ಮೇಲೆ ಒಂದು ಡಬ್ಬಿ ಚಕ್ಕುಲಿ ಕೊಟ್ಟರಾಯಿತು.

*4. ಮಳೆಗಾಲ: ತಟ್ಟೆಯಲ್ಲಿ ಅಡಗಿದ ಡೆಂಗ್ಯೂ*

ಅಹಮದಾಬಾದಿನಲ್ಲಿ ವರ್ಷದ ಮಳೆಯೆಲ್ಲ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಸೂರತ್‌ನಲ್ಲಿ ಮಳೆ ಇನ್ನೂ ಹೆಚ್ಚು. ಕುಂಡದ ಕೆಳಗೆ ಅಂದಕ್ಕೆಂದು ಇಟ್ಟ ತಟ್ಟೆಯಲ್ಲಿ ನೀರು ನಿಂತರೆ ಎರಡು ನಷ್ಟ. ಮೊದಲನೆಯದು, ಬೇರು ಕೊಳೆಯುತ್ತದೆ. ಎರಡನೆಯದು, ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಅಲ್ಲಿ ಮೊಟ್ಟೆಯಿಡುತ್ತದೆ. ಈ ಸೊಳ್ಳೆಗೆ ಚರಂಡಿಯೇ ಬೇಕೆಂದಿಲ್ಲ, ಮನೆಯ ತಿಳಿನೀರೇ ಇಷ್ಟ. ಕಚ್ಚುವುದು ಹಗಲಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ ಸಾಕು.

ಬರೀ ನೀರು ಚೆಲ್ಲಿದರೆ ಸಾಲದು. ತಟ್ಟೆಯ ಗೋಡೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ತಟ್ಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು ಬಿಸಿಲಿಗೆ ಬೋರಲು ಹಾಕಿ. ಮಳೆಗಾಲದಲ್ಲಿ ತಟ್ಟೆಯನ್ನೇ ತೆಗೆದುಬಿಡುವುದು ಇನ್ನೂ ಒಳ್ಳೆಯದು. ಬಾಟಲಿಯ ಮನಿ ಪ್ಲಾಂಟ್, ತುಳಸಿಯ ಮುಂದಿನ ನೀರಿನ ಬಟ್ಟಲು, ಹಕ್ಕಿಗೆ ನೀರಿಡುವ ಮಣ್ಣಿನ ಬೋಗುಣಿ, ಖಾಲಿ ಕುಂಡ, ಹಳೆ ಟೈರು ಇವೂ ಅದೇ ಲೆಕ್ಕಕ್ಕೆ ಬರುತ್ತವೆ.

ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಇದ್ದರೆ ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆಗಳನ್ನು ನೀವಾಗಿಯೇ ನುಂಗಬೇಡಿ. ಡೆಂಗ್ಯೂ ಆಗಿದ್ದರೆ ರಕ್ತಸ್ರಾವದ ಅಪಾಯವಿದೆ. ವೈದ್ಯರಿಗೆ ತೋರಿಸಿ.

ಗಾಳಿಯ ವಿಷಯ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಕರಾವಳಿಗೆ ಅಪ್ಪಳಿಸಿದರೂ ಅದರ ಗಾಳಿಮಳೆ ಅಹಮದಾಬಾದಿನವರೆಗೂ ಬಂದಿತ್ತು. ಮೂರನೆಯ ಮಹಡಿಯ ಪ್ಯಾರಪೆಟ್ ಮೇಲಿನ ಕುಂಡ ಬಿದ್ದರೆ ಕೆಳಗಿರುವವರ ಜೀವಕ್ಕೇ ಸಂಚಕಾರ. ಕಟ್ಟೆಯ ಮೇಲೆ ಕುಂಡ ಯಾವ ಕಾಲಕ್ಕೂ ಬೇಡ. ತೂಗುಕುಂಡಗಳನ್ನು ಗಾಳಿಯ ಮುನ್ಸೂಚನೆ ಬಂದ ದಿನವೇ ಕೆಳಗಿಳಿಸಿ.

ನೆಲಮಹಡಿಯವರಿಗೆ ಇನ್ನೊಂದು ಮಾತು. ವಡೋದರಾದಲ್ಲಿ 2024ರ ಆಗಸ್ಟ್‌ನಲ್ಲಿ ವಿಶ್ವಾಮಿತ್ರಿ ಉಕ್ಕಿದ್ದನ್ನು, ಸೂರತ್‌ನಲ್ಲಿ 2006ರ ತಾಪಿ ನೆರೆಯನ್ನು ಕಂಡವರು ನಮ್ಮಲ್ಲೇ ಇದ್ದಾರೆ. ನೆರೆನೀರು ಮುಟ್ಟಿದ ಸೊಪ್ಪನ್ನು ತೊಳೆದೂ ತಿನ್ನಬೇಡಿ, ಕಿತ್ತು ಎಸೆಯಿರಿ. ಸೂರತ್, ನವಸಾರಿ, ವಲ್ಸಾಡ್ ಕಡೆ ಮಳೆಗಾಲದಲ್ಲಿ ಇಲಿ ಜ್ವರ (ಲೆಪ್ಟೊಸ್ಪೈರೋಸಿಸ್) ಹೊಸದಲ್ಲ. ಇಲಿಯ ಮೂತ್ರ ಬೆರೆತ ನೀರು, ಕೆಸರು ಕಾಲಿನ ಗಾಯದ ಮೂಲಕ ಮೈಸೇರಿದರೆ ಬರುತ್ತದೆ. ಮಳೆಗಾಲದಲ್ಲಿ ಮಣ್ಣು ಕೆದಕುವಾಗ ಕೈಗವಸು, ಕಾಲಿಗೆ ಮುಚ್ಚಿದ ಚಪ್ಪಲಿ ಇರಲಿ. ಧನುರ್ವಾಯು ಲಸಿಕೆ ಕೊನೆಗೆ ಯಾವಾಗ ಆಗಿತ್ತು ಎಂದು ನೋಡಿಕೊಳ್ಳಿ.

*5. ಚಳಿಗಾಲ ಮತ್ತು ಉತ್ತರಾಯಣ*

ಇದೇ ಸುಗ್ಗಿಯ ಕಾಲ. ಮೆಂತ್ಯವನ್ನು 15 ದಿನಕ್ಕೊಂದು ಟ್ರೇಯಂತೆ ಬಿತ್ತಿದರೆ ಫೆಬ್ರವರಿಯವರೆಗೆ ಸೊಪ್ಪು ಸಿಗುತ್ತದೆ. ಕರಿಬೇವು ಚಳಿಯಲ್ಲಿ ಬೆಳವಣಿಗೆ ನಿಲ್ಲಿಸಿ ಎಲೆ ಉದುರಿಸುತ್ತದೆ. ಸತ್ತಿತೆಂದು ಕಿತ್ತೆಸೆಯಬೇಡಿ, ನೀರು ಹೆಚ್ಚಿಸಲೂಬೇಡಿ. ಸೆಕೆ ಬಂದಾಗ ಚಿಗುರುತ್ತದೆ.

ಜನವರಿ 14, 15ರಂದು ತಾರಸಿಯೆಲ್ಲ ಪತಂಗದವರದ್ದು. ಹಿಂದಿನ ದಿನವೇ ಕುಂಡಗಳನ್ನು ಒಂದು ಮೂಲೆಗೆ ಸರಿಸಿ, ಹಳೆ ಸೀರೆ ಮುಚ್ಚಿ. ಹಬ್ಬ ಮುಗಿದ ಮೇಲೆ ಗಿಡಕ್ಕೆ ಸುತ್ತಿಕೊಂಡ ಮಾಂಜಾವನ್ನು ಬರಿಗೈಯಲ್ಲಿ ಎಳೆಯಬೇಡಿ, ಗಾಜಿನ ಪುಡಿ ಬೆರಳು ಕೊಯ್ಯುತ್ತದೆ. ಕತ್ತರಿಯಿಂದ ಕತ್ತರಿಸಿ, ಸುತ್ತಿ, ಕಸಕ್ಕೆ ಹಾಕಿ. ಬಿಟ್ಟರೆ ಹಕ್ಕಿಯ ರೆಕ್ಕೆಗೆ ಸಿಕ್ಕುತ್ತದೆ. ಗಾಯಗೊಂಡ ಹಕ್ಕಿ ಕಂಡರೆ ಗುಜರಾತಿನ ಕರುಣಾ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು.

*6. ಕೋತಿ, ಪಾರಿವಾಳ, ಅಳಿಲು, ಬೆಕ್ಕು*

ಇಲ್ಲಿ ಜೀವದಯೆಗೆ ದೊಡ್ಡ ಗೌರವವಿದೆ. ಪೋಳಗಳ ಚಬೂತರೋಗಳಲ್ಲಿ ಹಕ್ಕಿಗೆ ಕಾಳು ಹಾಕುವ ರೂಢಿ ಹಳೆಯದು. ವಿಷ, ಅಂಟು, ಬೋನು, ಕವಣೆ ಯಾವುದೂ ಬೇಡ. ತಡೆದರೆ ಸಾಕು, ನೋಯಿಸಬೇಕಾಗಿಲ್ಲ.

*ಲಂಗೂರ್ (ಮುಸುವ):* ಅಹಮದಾಬಾದ್, ಗಾಂಧಿನಗರದ ಸೊಸೈಟಿಗಳಿಗೆ ಇವು ಬರುತ್ತವೆ. ಎಳೆ ಚಿಗುರು, ಹೂ, ಹಣ್ಣು ಇವಕ್ಕೆ ಬಲು ಇಷ್ಟ. ತಿಂಡಿ ಹಾಕಿ ರೂಢಿಮಾಡಿಸಬೇಡಿ. ಸೊಪ್ಪಿನ ಟ್ರೇಗಳಿಗೆ ತಂತಿ ಜಾಲರಿಯ ಪೆಟ್ಟಿಗೆ ಮಾಡಿಸಿ. ಬಂದಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಹಲ್ಲು ಕಿರಿಯಬೇಡಿ, ತಾಯಿ ಮರಿಯ ನಡುವೆ ನಿಲ್ಲಬೇಡಿ. ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕಿ. ಒಂದು ಕುಂಡ ಹೋದರೆ ಹೋಗಲಿ.

*ಕಚ್ಚಿದರೆ ಅಥವಾ ಪರಚಿದರೆ* (ಕೋತಿ, ನಾಯಿ, ಬೆಕ್ಕು ಯಾವುದೇ ಆಗಲಿ): ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬೀಸ್ ಬಂದ ಮೇಲೆ ಬದುಕಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ; ಲಸಿಕೆಯಿಂದ ತಡೆಯಬಹುದು.

*ಪಾರಿವಾಳ:* ಕುಂಡದಲ್ಲೇ ಗೂಡು ಕಟ್ಟುತ್ತದೆ. ಬಾಲ್ಕನಿಗೆ ಬಲೆ ಹಾಕಿಸುವುದಾದರೆ ಬಿಗಿಯಾಗಿ ಎಳೆದು ಕಟ್ಟಿಸಿ, ಸಡಿಲವಿದ್ದರೆ ಹಕ್ಕಿ ಸಿಕ್ಕಿ ಸಾಯುತ್ತದೆ. ಮೊಟ್ಟೆ ಇಟ್ಟಾಗಿದ್ದರೆ ಸುಮಾರು ಒಂದೂವರೆ ತಿಂಗಳು ತಾಳಿ, ಮರಿ ಹಾರಿದ ಮೇಲೆ ತೆಗೆಯಿರಿ. ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ. ಅದರ ಧೂಳನ್ನು ಬಹಳ ಕಾಲ ಉಸಿರಾಡಿದವರಿಗೆ ಶ್ವಾಸಕೋಶ ಊದಿಕೊಂಡು, ಒಣಕೆಮ್ಮು, ಏದುಸಿರು ಬರುವುದುಂಟು. ಮೊದಲು ನೀರು ಚಿಮುಕಿಸಿ ನೆನೆಸಿ, ಮಾಸ್ಕ್ ಮತ್ತು ಕೈಗವಸು ಹಾಕಿ ಒರೆಸಿ ತೆಗೆಯಿರಿ. ಅಸ್ತಮಾ ಇದ್ದವರಿಗೆ ಈ ಕೆಲಸ ಬೇಡ.

*ಅಳಿಲು, ಇಲಿ:* ಬಿತ್ತಿದ ಬೀಜವನ್ನು ಕೆದಕಿ ತಿನ್ನುತ್ತವೆ. ಮೊಳಕೆ ನಾಲ್ಕು ಬೆರಳು ಬರುವವರೆಗೆ ಮೇಲೆ ಜಾಲರಿ ಮುಚ್ಚಿ. ಅಡುಗೆಮನೆಯ ಹಸಿಕಸವನ್ನು ನೇರವಾಗಿ ಕುಂಡಕ್ಕೆ ಸುರಿದರೆ ಇಲಿಗೆ ಔತಣ ಕೊಟ್ಟಂತೆ. ಮುಚ್ಚಳವಿರುವ ಡಬ್ಬದಲ್ಲಿ ಕಳಿಸಿ ಹಾಕಿ.

*ಬೆಕ್ಕು:* ಸಡಿಲ ಮಣ್ಣು ಕಂಡರೆ ಹೇಸಿಗೆ ಮಾಡಿ ಮುಚ್ಚುತ್ತದೆ. ಅದರಿಂದ ಹರಡುವ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಗರ್ಭಿಣಿಯರ ಹೊಟ್ಟೆಯ ಮಗುವಿಗೆ ಅಪಾಯಕಾರಿ. ಬಸುರಿ ಹೆಣ್ಣುಮಕ್ಕಳು ಕೈಗವಸಿಲ್ಲದೆ ಮಣ್ಣು ಮುಟ್ಟಬಾರದು. ಮಣ್ಣಿನ ಮೇಲೆ ತೆಂಗಿನ ಕರಟದ ಚೂರು ಅಥವಾ ಬೆಣಚುಕಲ್ಲು ಹರಡಿದರೆ ಬೆಕ್ಕು ಕೆದಕಲು ಬರುವುದು ಕಡಿಮೆಯಾಗುತ್ತದೆ.

*7. ಹುಳಕ್ಕೆ ಔಷಧಿ*

ಜಿರಳೆ, ಸೊಳ್ಳೆಗೆ ಹೊಡೆಯುವ ಸ್ಪ್ರೇಯನ್ನು ತಿನ್ನುವ ಗಿಡಕ್ಕೆ ಹೊಡೆಯಬೇಡಿ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಚೆನ್ನಾಗಿ ಕುಲುಕಿ, ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಸೊಪ್ಪನ್ನು ಕೆಲವು ದಿನ ಬಿಟ್ಟು ಕೊಯ್ದು, ಚೆನ್ನಾಗಿ ತೊಳೆದು ಬಳಸಿ. ಬೇವಿನೆಣ್ಣೆ ನೈಸರ್ಗಿಕವೆಂದು ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ. ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ಅದು ವಿಷವೇ.

*8. ತಿನ್ನುವ ಮುನ್ನ*

ದಿನಕ್ಕೆ ಒಬ್ಬರಿಗೆ ಹಣ್ಣು ತರಕಾರಿ ಸೇರಿ 400 ಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಲ್ಕನಿಯ ಸೊಪ್ಪು ಅಷ್ಟನ್ನೂ ಕೊಡುವುದಿಲ್ಲ. ಆದರೆ ವಾರಕ್ಕೆರಡು ದಿನ ಮಕ್ಕಳು ತಾವೇ ಕೊಯ್ದ ಸೊಪ್ಪನ್ನು ತಿನ್ನುವಂತಾದರೆ ಅದೇನು ಕಡಿಮೆಯೇ? ಎರಡು ಮೂರು ನೀರಿನಲ್ಲಿ ತೊಳೆದೇ ಬಳಸಿ, ಹಸಿಯಾಗಿ ಚಟ್ನಿಗೆ ಹಾಕುವ ಕೊತ್ತಂಬರಿ, ಪುದೀನವನ್ನಂತೂ ಖಂಡಿತ. ಕಿಡ್ನಿ ತೊಂದರೆ ಇರುವವರು ಎಷ್ಟು ಸೊಪ್ಪು ತಿನ್ನಬಹುದೆಂದು ವೈದ್ಯರನ್ನು ಕೇಳಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಒಂದು ವಾರ ಬಹಳ, ಇನ್ನೊಂದು ವಾರ ಇಲ್ಲವೇ ಇಲ್ಲ ಎಂದು ಮಾಡಬಾರದು; ಹದವಾಗಿ ಒಂದೇ ಸಮನಿರಲಿ.

*ಫ್ರಿಜ್ ಮೇಲೆ ಅಂಟಿಸಿಡಲು*

✓ ಪ್ರತಿದಿನ: 8ರ ಒಳಗೆ ನೀರು, ಆಮೇಲೆ ತಾರಸಿ ಬಂದ್ (ಬೇಸಿಗೆಯಲ್ಲಿ)
✓ ಪ್ರತಿ ಭಾನುವಾರ: ತಟ್ಟೆ, ಬಟ್ಟಲು, ಬೋಗುಣಿ ಉಜ್ಜಿ ಒಣಗಿಸುವುದು
✓ ಮಣ್ಣು ಮುಟ್ಟಿದ ಮೇಲೆ: ಸೋಪಿನಿಂದ ಕೈ ತೊಳೆಯುವುದು
✓ ಗಾಳಿ ಮಳೆಯ ಮುನ್ಸೂಚನೆ: ಎತ್ತರದ ಕುಂಡ ಕೆಳಗೆ
✓ ಪ್ರಾಣಿ ಕಚ್ಚಿದರೆ: 15 ನಿಮಿಷ ಸೋಪು ನೀರು, ಅದೇ ದಿನ ಲಸಿಕೆ
✓ ತುರ್ತಿಗೆ: 108

ಊರಿನಿಂದ ಈ ವರ್ಷ ಹಿರಿಯರು ಬರುವವರಿದ್ದರೆ ಮೂರನೆಯ ಭಾಗವನ್ನು ಅವರಿಗೆ ಕೂತು ಓದಿ ಹೇಳಿ. ಗಿಡ ಹೋದರೆ ನರ್ಸರಿಯಲ್ಲಿ ಮತ್ತೊಂದು ಸಿಗುತ್ತದೆ.

ಅಹಮದಾಬಾದ್, ವಡೋದರಾ, ಸೂರತ್‌ನಲ್ಲಿರುವ ನಿಮ್ಮ ಕನ್ನಡ ಬಳಗಕ್ಕೂ ಇದನ್ನು ಕಳಿಸಿ. ನಿಮ್ಮ ಕುಂಡದಲ್ಲಿ ಏನು ಬಂದಿದೆ ಎಂದು ಬರೆದು ತಿಳಿಸಿ.

ಆರೋಗ್ಯವಾಗಿರಿ.